ಎಡಗಾಲು ಮುಂದೆ

ಯಾದಗಿರಿ
೧೭ ಜೂನ್ ೧೯೫೬

ಅಪ್ಪನಿಗೆ ನಿನ್ನ ಮಗ ಹುಲಗಪ್ಪ ಬರೆಯುವ ಕಾಗದ.

ಸ್ಟೇಷನ್ನಿನ ಮಾಲು ಗೋದಾಮಿನಲ್ಲಿ ನನ್ನ ಹಮಾಲಿ ಕೆಲಸ ಗಟ್ಟಿಯಾಯಿತು. ಶೇಂಗಾ ಚೀಲ, ಹತ್ತಿಯ ಅಂಡಿಗೆ, ಒಮ್ಮೊಮ್ಮೆ ಹಾಸುಗಲ್ಲು. ಬೆನ್ನಿಗೆ ಪುರುಸೊತ್ತಿಲ್ಲ, ಹೊಟ್ಟೆಗೆ ಕೊರತೆಯಿಲ್ಲ. ಅವ್ವನಿಗೆ ಹೇಳು, ರೊಟ್ಟಿ ನಾನೇ ಬಡಿಯುತ್ತೇನೆ, ದುಂಡಗೆ ಬರುವುದಿಲ್ಲ ಅಷ್ಟೇ.

ಈ ಕಾಗದವನ್ನು ಜಗದೇವಪ್ಪ ಮಾಸ್ತರರು ಶಾಲೆಯ ಕಟ್ಟೆಯ ಮೇಲೆ ಕೂತು ನಿನಗೆ ಓದುತ್ತಿರಬೇಕು. ಅವರಿಗೆ ನನ್ನ ನಮಸ್ಕಾರ. ಇಡೀ ಕೇರಿಯ ಕಾಗದ ಓದಿ, ಬರೆದು ಅವರ ಕನ್ನಡಕ ಸವೆದಿದ್ದರೆ ಆಶ್ಚರ್ಯವಿಲ್ಲ.

ಬರೆಯಬೇಕಾದ ಸುದ್ದಿ ಬೇರೆಯೇ ಇದೆ. ಗೋದಾಮಿಗೆ ಶರೀಫಸಾಬ ಎಂಬ ಚೌಕಿದಾರರಿದ್ದಾರೆ. ನಿಜಾಮರ ಫೌಜಿನಲ್ಲಿ ಬಾಕ್ಸಿಂಗ್ ಆಡಿದವರು. ಫೌಜು ಬರಖಾಸ್ತಾದ ಮೇಲೆ ಇಲ್ಲಿಗೆ ಬಂದು ಸೇರಿದ್ದಾರೆ. ಸಂಜೆ ಕೆಲಸ ಮುಗಿದ ಮೇಲೆ ಗೋದಾಮಿನ ಹಿಂದೆ ನಾಲ್ಕೈದು ಮಂದಿಗೆ ಮುಷ್ಟಿ ಕಲಿಸುತ್ತಾರೆ. ಗೋಣಿಚೀಲಕ್ಕೆ ಹತ್ತಿಬೀಜ ತುಂಬಿ ಬೇವಿನ ಮರಕ್ಕೆ ಕಟ್ಟಿದ್ದಾರೆ, ಅದಕ್ಕೆ ಗುದ್ದಬೇಕು. ಯಾವ ಕೇರಿಯವನು ಎಂದು ಇಲ್ಲಿ ಯಾರೂ ಕೇಳಿಲ್ಲ. ಒಂದೇ ಹೂಜಿಯ ನೀರು ಕುಡಿಯುತ್ತೇವೆ.

ಮೊದಲ ದಿನ ಏನಾಯಿತು ಕೇಳು. ಉಳಿದವರೆಲ್ಲ ಗರಡಿಯಲ್ಲಿ ಕೋಲು ವರಸೆ ಕಲಿತು ಬಂದವರು. ಬಲಗೈಯಲ್ಲಿ ಕೋಲು, ಬಲಗಾಲು ಮುಂದೆ, ಹಾಗೇ ಕಾಲು ಪಳಗಿಬಿಟ್ಟಿದೆ. ಬಾಕ್ಸಿಂಗಿನಲ್ಲಿ ಎಡಗಾಲು ಮುಂದಿರಬೇಕು. ಶರೀಫಸಾಬರು "ಎಡಗಾಲು ಮುಂದ! ಎಡಗಾಲು ಮುಂದ!" ಎಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡರು. ಪಾಪ, ಆ ಹುಡುಗರ ಕಾಲಿಗೆ ಅವರ ಕಾಲೇ ತೊಡಕು. ನಾನು ನೀನು ಕಲಿಸಿದ ಹಾಗೆ ನಿಂತೆ, ಎಡಗಾಲು ಮುಂದೆ, ಎಡಗೈ ಮುಂದೆ. ಬಲಗೈಯಲ್ಲಿ ಉಣ್ಣುವ ನನ್ನನ್ನು ಶಹಾಪುರದ ಹುಡುಗರು ಎಡಚ, ಎಡಚ ಎಂದು ಆಡಿಕೊಳ್ಳುತ್ತಿದ್ದರಲ್ಲ, ಅದೇ ನಿಲುವು. ಶರೀಫಸಾಬರು ನನ್ನ ಸುತ್ತ ಎರಡು ಸುತ್ತು ಹಾಕಿದರು.

"ಬರೋಬ್ಬರ್ ಐತಿ! ಇಂವಗ ನಾ ಏನು ಕಲಿಸ್ಲಿ? ಯಾರೋ ನಿನ್ನ ವಸ್ತಾದ?"

"ನಮ್ಮಪ್ಪ ರೀ."

"ಅಪ್ಪಗ ಯಾರು ಕಲಿಸ್ಯಾರ?"

ನನಗೆ ಗೊತ್ತಿರಲಿಲ್ಲ. ನನಗೇ ಅಚ್ಚರಿಯಾಯಿತು, ಇಷ್ಟು ವರ್ಷ ನಾನು ಕೇಳೇ ಇಲ್ಲ. ವಸ್ತಾದ ಎಂದರೆ ಗರಡಿಯ ಗುರು ಎಂದು ತಂಗಿ ಮರಿಲಿಂಗಮ್ಮನಿಗೂ ತಿಳಿಸು, ಇಲ್ಲದಿದ್ದರೆ ನಿನ್ನ ತಲೆ ತಿನ್ನುತ್ತಾಳೆ. ನಿನ್ನ ವಸ್ತಾದರ ಹೆಸರು ಬರೆಸಿ ಕಳಿಸು. ಶರೀಫಸಾಬರು ದಿನಾ ಕೇಳುತ್ತಾರೆ.

ನಿನ್ನ ಮಗ
ಹುಲಗಪ್ಪ


ಶಹಾಪುರ
೫ ಜುಲೈ ೧೯೫೬

ಚಿರಂಜೀವಿ ಹುಲಗಪ್ಪನಿಗೆ ತಂದೆ ಮರಿಲಿಂಗಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ಮಳೆ ಒಂದು ಹದ ಬಿದ್ದಿದೆ. ನಿನ್ನ ತಾಯಿ ತಿಮ್ಮವ್ವನ ಮೊಣಕಾಲು ನೋವು ಮೊದಲಿಗಿಂತ ಕಡಿಮೆ. ಕಪ್ಪು ಆಡು ಎರಡು ಮರಿ ಹಾಕಿದೆ. ಮರಿಲಿಂಗಮ್ಮ ಈಗ ಮೂರನೆಯ ತರಗತಿ, ಓದಿನಲ್ಲಿ ಚುರುಕು. ಇದು ನನ್ನ ಅಭಿಪ್ರಾಯವೂ ಹೌದು (ಜಗದೇವಪ್ಪ).

ನೀನು ಒಳ್ಳೆಯವರ ಸಂಗದಲ್ಲಿರುವುದು ತಿಳಿದು ಸಂತೋಷವಾಯಿತು. ಶರೀಫಸಾಬರಿಗೆ ನಮ್ಮ ಸಲಾಮು ತಿಳಿಸುವುದು. ಅವರು ಹೇಳಿದಂತೆ ಕಲಿ. ಕಾಲು ಮಾತ್ರ ಬದಲಿಸಬೇಡ. ಈ ಮಾತನ್ನು ನಿನ್ನ ತಂದೆ ಎರಡು ಸಲ ಹೇಳಿ ಬರೆಸಿದ್ದಾರೆ.

ಯಾರು ಕಲಿಸಿದರೇನು, ಕಲಿತದ್ದು ಕೈಯಲ್ಲಿದ್ದರೆ ಸಾಕು. ಕೆಲಸ ನೋಡಿಕೊಂಡು ಹೋಗು.

ಇಂತು
ಮರಿಲಿಂಗಪ್ಪನ ಹೆಬ್ಬೆಟ್ಟು


ಯಾದಗಿರಿ
೧೨ ಆಗಸ್ಟ್ ೧೯೫೬

ಅಪ್ಪ,

ಕಾಗದ ಮುಟ್ಟಿತು. ನೀನು "ಕ್ಷೇಮ" ಎಂದಿರಲಾರೆ, ಅದು ಮಾಸ್ತರರದು. "ಆಡು ಎರಡು ಮರಿ ಹಾಕ್ಯಾದ" ಎಂದದ್ದು ನೀನೇ, ಓದುವಾಗ ನಿನ್ನ ದನಿ ಕೇಳಿಸಿತು.

ಇಲ್ಲಿ ಒಂದು ಹೊಸ ಹುಚ್ಚು ಹತ್ತಿದೆ. ನಿನ್ನ ಹೆಜ್ಜೆಗೆ ಶರೀಫಸಾಬರ ಗುದ್ದನ್ನು ಕೂಡಿಸುವುದು. ಬಾಕ್ಸಿಂಗಿನಲ್ಲಿ ಕಾಲು ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಗುದ್ದು ಹಿಂಗಾಲಿನ ಹಿಮ್ಮಡಿಯಿಂದ ಹೊರಟು ಸೊಂಟ ಹತ್ತಿ ಮುಷ್ಟಿಗೆ ಬರುತ್ತದೆ. ನಿನ್ನ ವರಸೆಯಲ್ಲಿ ಕಾಲು ಸುತ್ತುತ್ತದೆ, ಪೆಟ್ಟು ಮಾತ್ರ ಭುಜ, ಮಣಿಕಟ್ಟಿನದು. ನಿನ್ನ ಏಳು ಹೆಜ್ಜೆಗಳಲ್ಲಿ ನಾಲ್ಕನೆಯದು ನೆನಪಿದೆಯಲ್ಲ, ಹಿಂಗಾಲು ಅರ್ಧ ಸುತ್ತು ಎಳೆದು ಪಕ್ಕಕ್ಕೆ ಜಾರುವುದು? ಅದರ ಜೊತೆಗೇ ಶರೀಫಸಾಬರ ಎದೆಗೆ ಬಲಗೈ ಗುದ್ದು ಬಿಟ್ಟೆ. ಹಿಮ್ಮಡಿ ಇನ್ನೂ ಗಾಳಿಯಲ್ಲಿತ್ತು, ಗುದ್ದಿಗೆ ತೂಕವೇ ಇಲ್ಲ. ಶರೀಫಸಾಬರು ಎದೆ ಒರೆಸಿಕೊಂಡು, "ಇದು ಗುದ್ದೋ, ಮದುವಿಗೆ ಕರೆಯಾಕ ಬಂದೀಯೋ?" ಎಂದರು.

ಒಂದು ತಿಂಗಳು ಹೀಗೇ ನಗಿಸಿದೆ. ಆಮೇಲೆ ಚೀಲ ಹೊರುವಾಗ ಹೊಳೆಯಿತು. ವ್ಯಾಗನ್ನಿಗೆ ಹಾಕಿದ ಹಲಗೆಯ ಮೇಲೆ ತಿರುಗುವಾಗ ಹಿಂಗಾಲು ಊರುವ ತನಕ ಯಾವ ಹಮಾಲನೂ ಚೀಲ ಎತ್ತಿ ಎಸೆಯುವುದಿಲ್ಲ. ಹೆಜ್ಜೆ ಮುಗಿದಲ್ಲಿ ಗುದ್ದು ಹುಟ್ಟಬೇಕು. ಈಗ ಎಡಗೈಯಲ್ಲಿ ಹಿಡಿದ ಗಿಡ್ಡ ಕೋಲು ಎದುರಿನವನ ಕಣ್ಣು ಹಿಡಿದಿಡುತ್ತದೆ, ಕಾಲು ಪಕ್ಕಕ್ಕೆ ಜಾರುತ್ತದೆ, ಹಿಮ್ಮಡಿ ನೆಲ ಮುಟ್ಟುತ್ತದೆ, ಆಗ ಬಲಗೈ. ಶರೀಫಸಾಬರು ಮೊನ್ನೆ ಎರಡು ಹೆಜ್ಜೆ ಹಿಂದೆ ಹೋದರು. ನಗಲಿಲ್ಲ. ಬಲಗಾಲು ಮುಂದಿಟ್ಟು ಕಲಿತವರಿಗೆ ಇದು ಕೂಡುವುದಿಲ್ಲ ಅಪ್ಪ, ನಾವೆಲ್ಲ ಮಾಡಿ ನೋಡಿದೆವು. ನಿನ್ನ ಕಾಲಿಗೆ ಮಾತ್ರ ಕೂಡುತ್ತದೆ.

ನವೆಂಬರ್ ಒಂದಕ್ಕೆ ನಾವು ಹೈದರಾಬಾದಿನವರು ಮೈಸೂರಿನವರಾಗುತ್ತೇವಂತೆ. ಅದರ ಸಂಭ್ರಮಕ್ಕೆ ಸುರಪುರದಲ್ಲಿ ಬಸವಂತರಾಯ ವಸ್ತಾದರ ಗರಡಿಯಲ್ಲಿ ನವೆಂಬರ್ ನಾಲ್ಕರಂದು ಪಂದ್ಯ ಇಟ್ಟಿದ್ದಾರೆ. ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದು ಕೈ ಬರೀ ಮುಷ್ಟಿ, ಎರಡಕ್ಕೂ ಬಟ್ಟೆ ಸುತ್ತಿ ಕೆಮ್ಮಣ್ಣಿನ ನೀರಿನಲ್ಲಿ ಅದ್ದುತ್ತಾರೆ. ಎದುರಿನವನ ಬಿಳಿ ಬನಿಯನ್ನಿನ ಮೇಲೆ ಮೊದಲು ಮೂರು ಗುರುತು ಬಿಟ್ಟವನು ಗೆದ್ದ. ಈ ಸಲ ಯಾವ ಕೇರಿಯವರಾದರೂ ಬರಬಹುದು ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದಾರೆ. ಶರೀಫಸಾಬರು ನನ್ನ ಹೆಸರು ಕೊಟ್ಟುಬಿಟ್ಟಿದ್ದಾರೆ.

ಒಂದೇ ಒಂದು ಕಟ್ಟಳೆ. ಕಣಕ್ಕೆ ಇಳಿಯುವ ಮುಂಚೆ ಮಣ್ಣು ಮುಟ್ಟಿ, ತನ್ನ ವಸ್ತಾದರ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೆಸರಿಲ್ಲದವನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾರೆ. ಶರೀಫಸಾಬರ ಹೆಸರು ನಡೆಯುವುದಿಲ್ಲ. ಅವರೇ ಅಂದರು: "ಕೈ ಕಲಿಸಿದಾವ ನಾ. ಹೆಜ್ಜಿ ಕಲಿಸಿದಾವನೇ ವಸ್ತಾದ." ಮನೆಯವರ ಹೆಸರು ಹೇಳುವ ರೂಢಿಯೂ ಇಲ್ಲವಂತೆ, ಗರಡಿಯ ಹೆಸರೇ ಬೇಕಂತೆ. ನೀನು ಹರೆಯದಲ್ಲಿ ಸುರಪುರದಲ್ಲೇ ದುಡಿದವನು. ಅಲ್ಲಿ ಯಾರ ಹತ್ತಿರ ಕಲಿತೆ, ಹೇಳಿ ಬರೆಸು.

ಹುಲಗಪ್ಪ


ಶಹಾಪುರ
೨ ಸೆಪ್ಟೆಂಬರ್ ೧೯೫೬

ಚಿರಂಜೀವಿ ಹುಲಗಪ್ಪನಿಗೆ ಆಶೀರ್ವಾದ.

ನಾವು ಕ್ಷೇಮ. ಜೋಳದ ಬೆಳೆ ಸಾಧಾರಣ. ಸುರಪುರದ ಪಂದ್ಯಕ್ಕೆ ನೀನು ಹೋಗುವುದು ಬೇಡ. ಯಾದಗಿರಿಯಲ್ಲೇ ಆಡಿಕೊಂಡಿರು.

ಇಂತು
ಮರಿಲಿಂಗಪ್ಪನ ಹೆಬ್ಬೆಟ್ಟು

ಹುಲಗಪ್ಪ, ಇನ್ನು ಮುಂದಿನದು ನನ್ನ ಸ್ವಂತ ಮಾತು. ನಿನ್ನ ಕಾಗದವನ್ನು ನಿನ್ನ ತಂದೆಗೆ ಓದಿ ಹೇಳಿದೆ. ನಾಲ್ಕನೆಯ ಹೆಜ್ಜೆಯ ಭಾಗವನ್ನು ಮೂರು ಸಲ ಓದಿಸಿಕೊಂಡು ಮುಗುಳ್ನಕ್ಕರು. ವಸ್ತಾದರ ಹೆಸರಿನ ಪ್ರಶ್ನೆಯನ್ನೂ ಓದಿದೆ. ನಾನು ಲೇಖನಿ ಹಿಡಿದು ಕಾದೆ. "ಸುರಪುರ ಬ್ಯಾಡ ಅಂತ ಬರೀರಿ, ಅಷ್ಟ ಸಾಕ್ರಿ" ಎಂದು ಎದ್ದುಹೋದರು. ಬಸವಂತರಾಯರು ನನ್ನ ಸೋದರಮಾವ, ನಿನಗೆ ಗೊತ್ತಿರಬೇಕು. ನನ್ನ ಮುಂದೆ ಹೇಳಲಾಗದ್ದು ಏನಾದರೂ ಇದೆಯೋ ಏನೋ. ಇದ್ದರೆ ಅದಕ್ಕೆ ನಾನು ಏನು ಮಾಡಲಿ, ನನಗೂ ತಿಳಿಯುತ್ತಿಲ್ಲ.

ಜಗದೇವಪ್ಪ


ಯಾದಗಿರಿ
೩೦ ಸೆಪ್ಟೆಂಬರ್ ೧೯೫೬

ಅಪ್ಪ,

ನಾಲ್ಕು ವಾರ ತಡೆದು ಬರೆಯುತ್ತಿದ್ದೇನೆ. ಅಂದೇ ಬರೆದಿದ್ದರೆ ಸಿಟ್ಟು ಬರೆದಂತಾಗುತ್ತಿತ್ತು. ಈಗಲೂ ಸಿಟ್ಟಿದೆ, ಆದರೆ ಅಕ್ಷರ ದುಂಡಗಿವೆ.

ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕು. ನಿನಗೆ ಕಲಿಸಿದವರು ಯಾರಾದರೂ ಇರಲಿ. ಜೈಲು ಕಂಡವರೋ? ಗಲಾಟೆಯ ಕಾಲದಲ್ಲಿ ರಜಾಕಾರರ ಜೊತೆ ಓಡಾಡಿದವರೋ? ಇಲ್ಲಿ ಎಷ್ಟೋ ಮಂದಿ ಹಳೆಯ ಹೆಸರುಗಳನ್ನು ನುಂಗಿಕೊಂಡೇ ಓಡಾಡುತ್ತಾರೆ. ಶರೀಫಸಾಬರು ತಮ್ಮ ಫೌಜಿನ ಬಿಲ್ಲೆಯನ್ನು ಟ್ರಂಕಿನ ತಳದಲ್ಲಿಟ್ಟಿದ್ದಾರೆ, ಕೇಳಿದರೆ ತೋರಿಸುತ್ತಾರೆ, ಮುಚ್ಚಿಡುವುದಿಲ್ಲ. ನೀನೂ ತೋರಿಸು. ನಾನು ನಿನ್ನ ಮಗ.

ಏಳು ವರ್ಷದವನಿದ್ದಾಗ ನನ್ನನ್ನು ಹತ್ತಿ ಗಿರಣಿಯ ಹಿಂದೆ ಕರೆದೊಯ್ದು ಮೊದಲ ಹೆಜ್ಜೆ ಹಾಕಿಸಿದೆ. ಯಾರಾದರೂ ಬಂದರೆ ನೀನು ಕೋಲು ಬಿಸಾಕಿ ಸೌದೆ ಆರಿಸುವವನ ಹಾಗೆ ನಿಲ್ಲುತ್ತಿದ್ದೆ. ನಾನೂ ಹಾಗೇ ನಿಲ್ಲುತ್ತಿದ್ದೆ. ಅದೂ ವರಸೆಯಲ್ಲಿ ಒಂದು ಹೆಜ್ಜೆ ಎಂದೇ ತಿಳಿದಿದ್ದೆ.

ನವೆಂಬರ್ ನಾಲ್ಕಕ್ಕೆ ನಾನು ಹೋಗುವುದು ಖಂಡಿತ. ಹೆಸರು ಬಂದರೆ ಒಳಗೆ ಹೋಗುತ್ತೇನೆ. ಬರದಿದ್ದರೆ ಬಾಗಿಲಿನಿಂದ ತಿರುಗಿ ಬರುತ್ತೇನೆ, ಎಲ್ಲರ ಕಣ್ಣೆದುರು. ಅದು ನಿನ್ನ ಕೈಯಲ್ಲಿದೆ.

ಹುಲಗಪ್ಪ


ಯಾದಗಿರಿ
೬ ನವೆಂಬರ್ ೧೯೫೬

ಅಪ್ಪ,

ನಿನ್ನ ಕಾಗದ ಬರಲಿಲ್ಲ. ಅಕ್ಟೋಬರ್ ಪೂರ್ತಿ ಅಂಚೆಯವನ ಮುಖ ನೋಡಿ ನೋಡಿ ಅವನೇ ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದ. ಆದರೂ ಹೋದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮಾಸ್ತರರು ಓದಲಿ, ಅವರ ಮಾವನವರ ಗರಡಿಯ ಸುದ್ದಿಯೇ ಇದು.

ಗರಡಿಯ ಒಳಗೆ ಜನ ಕಿಕ್ಕಿರಿದಿದ್ದರು. ಬಸವಂತರಾಯ ವಸ್ತಾದರು ಎಂಬತ್ತರ ಮುದುಕರು, ಗೋಡೆಗೆ ಒರಗಿ ಕೂತಿದ್ದರು. ಎಲ್ಲರಿಗಿಂತ ಕೊನೆಗೆ ನನ್ನ ಸರದಿ ಬಂತು. ಬಾಗಿ ಮಣ್ಣು ಮುಟ್ಟಿದೆ. ಅಷ್ಟು ಹೊತ್ತಿಗೂ ಏನು ಹೇಳಬೇಕೆಂದು ನನಗೆ ತಿಳಿದಿರಲಿಲ್ಲ.

"ಯಾರ ಶಿಷ್ಯನೋ ನೀ?" ಎಂದು ಒಬ್ಬ ಕೇಳಿದ.

ಕಲಿಸಿದವರು ಯಾರು ಎಂದು ನನ್ನನ್ನು ಕೇಳಿದರೆ ನನಗೆ ಒಂದೇ ಉತ್ತರ ಗೊತ್ತು. ಕೂಗಿಯೇ ಹೇಳಿದೆ: "ಶಹಾಪುರದ ಮರಿಲಿಂಗಪ್ಪ ವಸ್ತಾದರ ಶಿಷ್ಯ ರೀ!"

ಯಾರೋ ಕಿಸಕ್ಕೆಂದರು. "ಯಾವ ಮರಿಲಿಂಗಪ್ಪಲೇ? ಯಾವ ಗರಡಿ?" ಎಂದು ಮತ್ತೊಬ್ಬ. ಮುದುಕರು ಕೈ ಎತ್ತಿದರು. "ಹೆಸರು ಕೇಳೀರಿ, ಹೆಸರು ಹೇಳ್ಯಾನ. ಇನ್ನೇನು ಬೇಕು? ಬಿಡ್ರಿ ಒಳಗ."

ಎದುರಾಳಿ ಅಯ್ಯಣ್ಣ, ಅದೇ ಗರಡಿಯವನು, ನನಗಿಂತ ಗೇಣುದ್ದ ಎತ್ತರ. ಕಣ್ಣು ಪಿಳುಕಿಸುವುದರಲ್ಲಿ ನನ್ನ ಭುಜದ ಮೇಲೆ ಒಂದು ಗುರುತು ಬಿಟ್ಟ. ಆಮೇಲೆ ನಿನ್ನ ನಾಲ್ಕನೆಯ ಹೆಜ್ಜೆ ಹಾಕಿದೆ, ಹಿಮ್ಮಡಿ ಊರಿತು, ಶರೀಫಸಾಬರ ಗುದ್ದು ಬಿಟ್ಟೆ. ಎದೆಯ ನಡುವೆ ಕೆಂಪಗೆ ಅಚ್ಚೊತ್ತಿದ ಹಾಗೆ ಕೂತಿತು. ಮತ್ತೊಂದು ಅವನದು, ಮತ್ತೊಂದು ನನ್ನದು. ಎರಡೆರಡಾದವು. ಕೊನೆಯದು ಅವನೇ ಹೊಡೆದ, ಪಕ್ಕೆಗೆ. ನ್ಯಾಯವಾಗಿ ಸೋತೆ. ಅವನೇ ಕೈ ಹಿಡಿದು, "ಆ ಹೆಜ್ಜಿ ನನಗೂ ಕಲಿಸೋ" ಎಂದ.

ಹೊರಡುವಾಗ ಬಸವಂತರಾಯರು ಹತ್ತಿರ ಕರೆದು ನನ್ನ ಕಾಲನ್ನೇ ನೋಡುತ್ತ ಅಂದರು: "ಈ ಹೆಜ್ಜಿ ನಂದು, ತಮ್ಮಾ. ಏಳಕ್ಕ ಏಳೂ ನಂದೇ. ಆದ್ರ ಕನ್ನಡ್ಯಾಗ ಕಂಡಂಗ ಅದಾವ. ನಿಮ್ಮ ಅಪ್ಪಗ ಇವು ಎಲ್ಲಿ ಸಿಕ್ಕಾವ?"

ಗೊತ್ತಿಲ್ಲ ಎಂದೆ. ನಿಜವನ್ನೇ ಹೇಳಿದೆ.

ಸೋತದ್ದಕ್ಕೆ ಬೇಸರವಿಲ್ಲ. ನಿನ್ನ ಮಾತು ಮೀರಿ ಹೋದದ್ದಕ್ಕೆ ಇದೆ. ಹೆಸರಿನ ವಿಷಯ ಇನ್ನು ಕೇಳುವುದಿಲ್ಲ. ನನಗೆ ಬೇಕಾದ ಹೆಸರು ನಾನು ಹೇಳಿ ಆಗಿದೆ.

ಹುಲಗಪ್ಪ


ಶಹಾಪುರ
೨ ಡಿಸೆಂಬರ್ ೧೯೫೬

ಹುಲಗ್ಯಾ,

ಈ ಕಾಗದ ನಾನೇ ಬರೆದದ್ದು. ಹದಿನೆಂಟು ದಿನ ಹಿಡಿಯಿತು. ಮಾಸ್ತರರು ಬರೆಯುವಾಗ ಎದುರಿಗೆ ಕೂತು ಅವರ ಕೈ ನೋಡುತ್ತಿದ್ದೆ. ಹಾಗೆ ಕಲಿತ ಅಕ್ಷರ ನನಗೆ ತಲೆಕೆಳಗಾಗಿಯೇ ಗುರುತು. ಮರಿಲಿಂಗಮ್ಮ ನಕ್ಕು ಸಾಕಾಗಿ, ನನ್ನ ಬಗಲಲ್ಲಿ ಕೂತು ಮತ್ತೆ ತಿದ್ದಿಸಿದಳು. ಬಗಲಲ್ಲಿ ಕೂತು ಕಲಿಸಿದರೆ ಎಷ್ಟು ಸಸಾರ ನೋಡು. ಒತ್ತಕ್ಷರ ಅವಳವು, ಉಳಿದವು ನನ್ನವು.

ನನಗೆ ವಸ್ತಾದರು ಇಲ್ಲ. ಹೆಸರು ಬಚ್ಚಿಟ್ಟಿರಲಿಲ್ಲ.

ಬಸವಂತರಾಯರ ಗರಡಿಗೆ ವರ್ಷಕ್ಕೊಮ್ಮೆ ಹೊಸ ಕೆಮ್ಮಣ್ಣು ಬೇಕು. ಹರೆಯದಲ್ಲಿ ಗುಡ್ಡದಿಂದ ಆ ಮಣ್ಣು ಹೊತ್ತು ತರುವುದು ನನ್ನ ಕೆಲಸ. ಹಿಂದಿನ ಗೋಡೆಯ ಹೊರಗೆ ಸುರಿಯಬೇಕು. ಅಲ್ಲಿಂದ ಒಳಗೆ ಒಯ್ಯುವುದು ಬೇರೆಯವರ ಕೆಲಸ. ಒಳಗಿನಿಂದ ಕೋಲಿನ ಸದ್ದು ಕೇಳುತ್ತಿತ್ತು. ತಡೆಯಲಾಗಲಿಲ್ಲ. ಮಣ್ಣಿನ ಗೋಡೆ, ಬಾರಕೋಲಿನ ಮೊಳೆಯಿಂದ ಹೆಬ್ಬೆರಳು ತೂರುವಷ್ಟು ತೂತು ಮಾಡಿದೆ. ಎರಡು ವರ್ಷ ನೋಡಿದೆ.

ಅಲ್ಲಿಂದ ವಸ್ತಾದರ ಬೆನ್ನು ಕಾಣುತ್ತಿತ್ತು, ಶಿಷ್ಯರ ಮುಖ ಕಾಣುತ್ತಿತ್ತು. ಶಿಷ್ಯರ ಬಲಗಾಲು ನನಗೆ ಎಡಗಡೆ ಕಂಡಿತು. ಎಡಗಡೆ ಕಂಡದ್ದನ್ನು ಎಡಗಾಲಿನಿಂದ ಹಾಕಿದೆ. ತಪ್ಪು ಎಂದು ಹೇಳಲು ಯಾರೂ ಇರಲಿಲ್ಲ. ನಿನಗೆ ಕಲಿಸಿದ ಮೇಲೆ ಶಹಾಪುರದ ಹುಡುಗರು ನಿನ್ನನ್ನು ಎಡಚ ಎಂದರಲ್ಲ, ಅವತ್ತು ತಿಳಿಯಿತು. ನಾಚಿಕೆಯಾಯಿತು, ಸುಮ್ಮನಾದೆ. ನಿನಗೆ ಕೊಡಲು ನನ್ನ ಹತ್ತಿರ ಅದೊಂದೇ ಇತ್ತು. ಅದೂ ತಿರುವು ಮುರುವು ಎಂದು ಹೇಗೆ ಹೇಳಲಿ?

ಸುರಪುರ ಬೇಡ ಎಂದದ್ದು ಅದಕ್ಕೇ. ವಸ್ತಾದರು ತಮ್ಮ ಹೆಜ್ಜೆ ಗುರುತು ಹಿಡಿಯುತ್ತಾರೆ, ಎಲ್ಲರೆದುರು ನೀನು ಕಳ್ಳನ ಮಗನಾಗುತ್ತೀಯ ಎಂದು ಅಂಜಿದೆ. ಮಾಸ್ತರರ ಕೈಯಿಂದ, ನಿಮ್ಮ ಮಾವನ ಗೋಡೆ ತೂತು ಮಾಡಿದವನು ನಾನೇ ಎಂದು ಹೇಗೆ ಬರೆಸಲಿ? ಈಗ ಅವರಿಗೂ ಹೇಳಿದ್ದೇನೆ. ಕೇಳಿ ಒಳಗೆ ಎದ್ದುಹೋದರು. ಆಮೇಲೆ ಈ ಹಾಳೆಗಳನ್ನು ತಂದುಕೊಟ್ಟರು.

ಇನ್ನೊಂದು ಮಾತು. ನವೆಂಬರ್ ನಾಲ್ಕಕ್ಕೆ ನಾನು ಸುರಪುರಕ್ಕೆ ಬಂದಿದ್ದೆ. ಗರಡಿಯ ಬಾಗಿಲು ತೆರೆದಿತ್ತು, ಯಾರೂ ತಡೆಯುತ್ತಿರಲಿಲ್ಲ. ಕಾಲು ಒಪ್ಪಲಿಲ್ಲ, ಹಿಂದಿನ ಗೋಡೆಗೇ ಕರೆದೊಯ್ದಿತು. ತೂತು ಇನ್ನೂ ಇತ್ತು. ಇರುವೆ ಗೂಡು ಕಟ್ಟಿದ್ದವು, ಕಡ್ಡಿಯಿಂದ ಕೆದರಿದೆ.

ನೀನು ನನ್ನ ಹೆಸರು ಕೂಗಿದ್ದು ಕೇಳಿಸಿತು. ಹಿಂದೆ ಆ ಗೋಡೆಯ ಒಳಗಿನಿಂದ "ಲೇ, ಮಣ್ಣು ತಂದೀ ಏನು?" ಎಂಬುದಷ್ಟೇ ಬರುತ್ತಿತ್ತು. ಅಳು ಬಂತು. ಬಂದದ್ದನ್ನು ಬಂತು ಎಂದೇ ಬರೆಯುತ್ತೇನೆ.

ನೀನು ನನ್ನ ಕಡೆ ಬೆನ್ನು ಮಾಡಿ ನಿಂತೆ. ಅಯ್ಯಣ್ಣನ ಮುಖ ನನ್ನ ಕಡೆ. ಅವನ ಬಲಗಾಲು, ನಿನ್ನ ಎಡಗಾಲು, ಎರಡೂ ನನಗೆ ಒಂದೇ ಕಡೆ ಕಂಡವು. ಆ ತೂತಿನಿಂದ ನೋಡಿದರೆ ಯಾರದೂ ತಪ್ಪಿಲ್ಲ. ನಾಲ್ಕನೆಯ ಹೆಜ್ಜೆಯ ಮೇಲೆ ನಿನ್ನ ಬಲಗೈ ಹೋಯಿತು. ಅದು ನಾನು ಕಲಿಸಿದ್ದಲ್ಲ, ಶರೀಫಸಾಬರು ಕಲಿಸಿದ್ದೂ ಅಲ್ಲ. ಅದು ನಿನ್ನದು. ಊರಿಗೆ ಬಂದಾಗ ನನಗೆ ಕಲಿಸು. ಎದುರಿಗೆ ನಿಂತು ಬೇಡ, ಬಗಲಲ್ಲಿ ನಿಂತು.

ಎಲ್ಲರೂ ಹೋಗಲಿ ಎಂದು ಕಾದೆ. ನೀನು ಅಷ್ಟರಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಅಲ್ಲೇ ಬಿದ್ದಿದ್ದ ಮಣ್ಣು ಕಲಸಿ ತೂತು ಮೆತ್ತಿದೆ, ಕೈ ತೊಳೆದೆ, ಸುತ್ತಿ ಮುಂದಿನ ಬಾಗಿಲಿಗೆ ಬಂದೆ. ಒಳಗೆ ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು ಇಳಿದೆ. ಕೆಮ್ಮಣ್ಣಿನ ಮೇಲೆ ನಿನ್ನ ಮತ್ತು ಅಯ್ಯಣ್ಣನ ಹೆಜ್ಜೆಗಳು ಹಾಗೇ ಇದ್ದವು. ಎಡಗಾಲು ಮುಂದಿದ್ದವು ನಿನ್ನವು. ಅವುಗಳ ಮೇಲೆ ನನ್ನ ಕಾಲು ಇಟ್ಟು ನಿಂತೆ.

ಮಣ್ಣು ಮೆತ್ತಗಿತ್ತು ಹುಲಗ್ಯಾ. ಎಷ್ಟು ವರ್ಷ ತಲೆಯ ಮೇಲೆ ಹೊತ್ತಿದ್ದೆ, ಕಾಲಿಗೆ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನಿನ್ನ ಅಪ್ಪ
ಮರಿಲಿಂಗಪ್ಪ
(ಸಹಿ ನನ್ನದೇ)